ಹುತ್ತದ ಅಣಬೆಯ ದೂರಿನ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಕಳೆದ ವಾರ ಶಾಲೆಗೆ ಎರಡು ದೂರುಗಳು ಬಂದಿವೆ, ಎರಡೂ ಅಣಬೆಯ ಮೇಲೆ. ಒಂಬತ್ತನೆಯ ತರಗತಿಯ ಮಕ್ಕಳನ್ನು ಕಾಡಿನಂಚಿಗೆ ಕರೆದೊಯ್ದು ವಿಷದ ಅಣಬೆ ಮುಟ್ಟಿಸಿದಿರಿ ಎಂಬುದು ಒಂದು. ಶಾಲೆಯ ಪಾಠ ಕೇಳಿ ಬಂದ ಮಗಳ ಮಾತಿಗೆ ಹೆದರಿ ಒಂದು ಬುಟ್ಟಿ ಹುತ್ತದ ಅಣಬೆಯನ್ನು ಗೊಬ್ಬರದ ಗುಂಡಿಗೆ ಸುರಿದೆವು ಎಂಬುದು ಇನ್ನೊಂದು. ನಾನೂ ಮಲೆನಾಡಿನವಳೇ. ಆರಿದ್ರಾ ಮಳೆಯಲ್ಲಿ ಸಿಕ್ಕ ಒಂದು ಬುಟ್ಟಿ ಹುತ್ತದ ಅಣಬೆಯ ಬೆಲೆ ನನಗೆ ಗೊತ್ತು. ಎರಡನೆಯ ದೂರು ಓದುವಾಗ ನಿಜಕ್ಕೂ ಹೊಟ್ಟೆ ಉರಿಯಿತು.

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಅಣಬೆಯ ವಿಷ ಕೆಲಸ ಮಾಡುವುದು ಹೊಟ್ಟೆಗೆ ಹೋದರೆ, ಕೈಗೆ ತಾಗಿದರೆ ಅಲ್ಲ. ಆದರೂ ಎಲ್ಲರಿಗೂ ಸಾಬೂನಿನಲ್ಲಿ ಕೈ ತೊಳೆಸಿಯೇ ಊಟಕ್ಕೆ ಬಿಟ್ಟಿದ್ದೇವೆ.

ಎರಡನೆಯದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಆ ಅಣಬೆ ವಿಷದ್ದು ಎಂದು ನಮ್ಮ ವಿಜ್ಞಾನ ಶಿಕ್ಷಕರು ಹೇಳಿಲ್ಲ, ಆ ಹುಡುಗಿಯೂ ಹೇಳಿಲ್ಲ. ‘ಇದು ಯಾವುದೆಂದು ಹೇಳಲಾಗದು’ ಎಂದಷ್ಟೇ ಅವಳು ಹೇಳಿದ್ದು. ಏಕೆಂದರೆ ಬುಟ್ಟಿಯಲ್ಲಿದ್ದ ಒಂದಕ್ಕೂ ಬುಡ ಇರಲಿಲ್ಲ. ಕಾಂಡವನ್ನು ನೆಲದ ಮಟ್ಟಕ್ಕೆ ಕುಯ್ದು ತಂದಿದ್ದರು.

ಅಣಬೆಯನ್ನು ಕೀಳಬಾರದು, ಬುಡದಿಂದ ಅಗೆದು ತೆಗೆಯಬೇಕು ಎಂದು ತರಗತಿಯಲ್ಲಿ ಹೇಳಿಕೊಟ್ಟಿದ್ದೇವೆ, ಏಕೆಂದರೆ ಅದರ ಗುರುತು ಬುಡದಲ್ಲಿರುತ್ತದೆ. ಹುತ್ತದ ಅಣಬೆಗಳ ಕುಲಕ್ಕೆ ವಿಜ್ಞಾನದಲ್ಲಿ ಟರ್ಮಿಟೊಮೈಸಿಸ್ ಎಂದು ಹೆಸರು. ಗೆದ್ದಲಿನ ಅಣಬೆ ಎಂದೇ ಅದರ ಅರ್ಥ. ಗೆದ್ದಲುಗಳು ಜಗಿದ ಕಟ್ಟಿಗೆ, ತರಗೆಲೆಗಳಿಂದ ಗೂಡಿನೊಳಗೆ ತಟ್ಟಿಗಳನ್ನು ಕಟ್ಟಿ ಅದರ ಮೇಲೆ ಈ ಶಿಲೀಂಧ್ರವನ್ನು ಸಾಕುತ್ತವೆ. ಮಳೆ ಬಿದ್ದಾಗ ಅಣಬೆ ಅಲ್ಲಿಂದ ಮಣ್ಣು ಸೀಳಿಕೊಂಡು ಮೇಲೆ ಬರುತ್ತದೆ. ಹಾಗಾಗಿಯೇ ಅದಕ್ಕೆ ಬೇರಿನಂಥ ಉದ್ದ ಬಾಲ, ಕೊಡೆಯ ನೆತ್ತಿಯಲ್ಲಿ ಮೊನೆ. ನಿಮ್ಮ ಮನೆಯ ಅಜ್ಜಿ ಕೋಲಿನಿಂದ ಕೆದಕಿ ‘ಬೇರು ಹುತ್ತಕ್ಕೆ ಇಳಿದಿದೆಯೋ ನೋಡು’ ಎನ್ನುತ್ತಾರಲ್ಲ, ಪುಸ್ತಕವೂ ಅದನ್ನೇ ನೋಡು ಎನ್ನುತ್ತದೆ. ಶಾಲೆ ಅಜ್ಜಿಯರನ್ನು ಸುಳ್ಳು ಮಾಡುತ್ತಿದೆ ಎಂಬ ಮಾತು ನನಗೆ ನೋವು ತಂದಿದೆ.

ಅಮಾನಿಟ ಎಂಬ ಇನ್ನೊಂದು ಕುಲದ ಗುರುತೂ ಮಣ್ಣಿನೊಳಗೇ ಇರುತ್ತದೆ, ಬುಡದ ಸುತ್ತ ಒಂದು ಚೀಲ. ಅದರಲ್ಲಿ ಕೆಲವು ಪ್ರಭೇದಗಳ ವಿಷ ಬೇಯಿಸಿದರೂ ಹೋಗುವುದಿಲ್ಲ. ವಾಂತಿ ಭೇದಿ ಶುರುವಾಗುವುದೇ ಸಾಮಾನ್ಯವಾಗಿ ಆರು ಗಂಟೆಗಳ ನಂತರ. ಆಮೇಲೆ ಗುಣವಾದಂತೆ ಕಂಡು, ಅಷ್ಟರಲ್ಲಿ ಯಕೃತ್ತು ಸೋತಿರುತ್ತದೆ. ಬೆಳ್ಳಿ ಚಮಚ, ಬೆಳ್ಳುಳ್ಳಿ, ಅರಿಸಿನ, ಹುಳು ತಿಂದ ಗುರುತು, ಈ ಯಾವ ಪರೀಕ್ಷೆಯೂ ಅದನ್ನು ಹಿಡಿಯಲಾರದು. ಈ ಮಾತಿನಲ್ಲಿ ಮಾತ್ರ ನಾನು ರಾಜಿಯಾಗಲಾರೆ.

ಇನ್ನು ಮಕ್ಕಳು ಕಾಗದದ ಮೇಲೆ ಕೊಡೆ ಮಗುಚಿಟ್ಟು ತೆಗೆದ ‘ಅಚ್ಚು’. ರಾತ್ರಿಯೆಲ್ಲ ಲೋಟ ಕವುಚಿಟ್ಟರೆ ಬೀಜಕಣಗಳು ಉದುರಿ ಬಣ್ಣ ಮೂಡುತ್ತದೆ. ಹುತ್ತದ ಅಣಬೆಯದು ತಿಳಿ ಗುಲಾಬಿ, ಅಮಾನಿಟದ್ದು ಬಿಳಿ. ಹುಲ್ಲಿನಲ್ಲಿ ಏಳುವ, ನೋಡಲು ಬಹಳ ಚೆಂದದ ಕ್ಲೋರೊಫಿಲಂ ಮಾಲಿಬ್ಡೈಟಿಸ್ ಎಂಬ ವಿಷದ ಅಣಬೆಯದು ಮಾಸಲು ಹಸಿರು. ಅದನ್ನು ತಿಂದವರು ಒಂದೆರಡು ಗಂಟೆಯಲ್ಲೇ ವಾಂತಿಗೆ ಓಡುತ್ತಾರೆ. ಆದರೆ ಗುಲಾಬಿ ಬಣ್ಣ ಬಂದ ಮಾತ್ರಕ್ಕೆ ಹುತ್ತದ ಅಣಬೆ ಎನ್ನುವಂತಿಲ್ಲ, ಎಂಟಲೋಮ ಕುಲದ ವಿಷದ ಅಣಬೆಗಳದೂ ಗುಲಾಬಿಯೇ. ಮಕ್ಕಳು ಇದನ್ನೂ ಬರೆದುಕೊಂಡಿದ್ದಾರೆ. ಮನೆಗೆ ಬರುವಷ್ಟರಲ್ಲಿ ಅರ್ಧ ಮರೆತಿದ್ದರೆ ಅದು ವಯಸ್ಸಿನ ಗುಣ.

ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ, ಬೇಸರಿಸಬೇಡಿ. ಅಣಬೆಯ ಕುಲ ಗುರುತಿಸಲು ಕಲಿಸುವುದು ಬೇರೆ, ಅದನ್ನು ತಿನ್ನಲು ಅಪ್ಪಣೆ ಕೊಡುವುದು ಬೇರೆ. ಶಾಲೆ ಮಾಡುವುದು ಮೊದಲನೆಯದನ್ನು ಮಾತ್ರ. ನಿಮ್ಮ ಮಗುವಿಗೆ ಪರೀಕ್ಷೆಯಲ್ಲಿ ಹತ್ತಕ್ಕೆ ಹತ್ತು ಬಂದಿದ್ದರೂ ಅಡುಗೆಮನೆಯ ತೀರ್ಪು ಅದರದಲ್ಲ, ನಮ್ಮದೂ ಅಲ್ಲ. ತಲೆಮಾರುಗಳಿಂದ ಅದೇ ಹುತ್ತದಿಂದ ತಂದು ತಿನ್ನುತ್ತಿರುವವರನ್ನು ತಡೆಯುವ ಉದ್ದೇಶ ನಮಗಿಲ್ಲ. ಆದರೆ ಅನುಮಾನ ಹುಟ್ಟಿದ ಬುಟ್ಟಿಯನ್ನು ಚೆಲ್ಲಿದ್ದು ತಪ್ಪು ಎಂದು ಆ ಮನೆಯವರಿಗೆ ನಾನು ಹೇಳಲಾರೆ. ಅವರ ನಷ್ಟಕ್ಕೆ ನನ್ನ ವಿಷಾದವಿದೆ. ಹುಡುಗಿಯನ್ನು ದಯವಿಟ್ಟು ಬೈಯಬೇಡಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದಿದ್ದಾಳೆ.

ಇಷ್ಟು ಬರೆಯಲು ಕಾರಣ ದೂರುಗಳಷ್ಟೇ ಅಲ್ಲ. ಸೋಮವಾರ ಬೆಳಿಗ್ಗೆ ವಿಜ್ಞಾನ ಶಿಕ್ಷಕರ ಮೇಜಿನ ಮೇಲೆ ಏಳು ಊಟದ ಡಬ್ಬಿಗಳಿದ್ದವು, ಏಳರಲ್ಲೂ ಅಣಬೆ. ಒಂದಕ್ಕೆ ‘ಸಾರು ಮಾಡಬಹುದೇ, ಮಧ್ಯಾಹ್ನದೊಳಗೆ ತಿಳಿಸಿ’ ಎಂಬ ಚೀಟಿ ಅಂಟಿಸಿತ್ತು.

ತಿನ್ನಬಹುದೇ ಎಂದು ಕೇಳಲು ಮಕ್ಕಳ ಕೈಯಲ್ಲಿ ಅಣಬೆ ಕಳುಹಿಸಬೇಡಿ.

ಡಬ್ಬಿಗಳನ್ನು ತೊಳೆದು ಕಚೇರಿಯಲ್ಲಿ ಇಟ್ಟಿದ್ದೇವೆ, ಬಿಡುವಾದಾಗ ಬಂದು ತೆಗೆದುಕೊಂಡು ಹೋಗಿ.

ಇಂತು ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ