ಗೆಳೆಯನಿಗೊಂದು ಪತ್ರ: ಹಾಯಿದೋಣಿಯನ್ನು ನೀರಿನಲ್ಲಿ ಕಟ್ಟಬೇಡ
ದಾವಣಗೆರೆ

ಪ್ರಿಯ ಗೆಳೆಯ,

ನೀನು ಕಳಿಸಿದ ಫೋಟೊಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದೆ. ಅದು ಎಂಟರ್‌ಪ್ರೈಸ್ ಮಾದರಿಯ ದೋಣಿ. ಹದಿಮೂರು ಅಡಿ ಚಿಲ್ಲರೆ ಉದ್ದ, ಫೈಬರ್ ಒಡಲು, ನೀಲಿ ಹಾಯಿ, ಇಬ್ಬರಿಗೆ ಜಾಗ. 1956ರಲ್ಲಿ ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ ರೂಪಿಸಿದ ದೋಣಿ ಅದು. ನೌಕಾಪಡೆಯಲ್ಲಿದ್ದಾಗ ನಾನು ಹಾಯಿ ಹಿಡಿಯಲು ಕಲಿತದ್ದೂ ಅದರಲ್ಲೇ. ಕೊಂಡುಕೋ, ಧೈರ್ಯವಾಗಿ ಹೇಳುತ್ತೇನೆ. ಆದರೆ ವಾಣಿವಿಲಾಸ ಸಾಗರದ ಹಿನ್ನೀರಿನಲ್ಲಿ, ನಿನ್ನ ಭಾವನವರ ತೋಟದ ಕೆಳಗೆ, ಡ್ರಮ್ಮುಗಳ ಮೇಲೆ ಹಲಗೆ ಹೊಡೆದು ದೋಣಿ ನಿಲ್ಲಿಸುವ ತೇಲುವ ಧಕ್ಕೆ ಮಾಡಿ ಅದನ್ನು ವರ್ಷವಿಡೀ ಅಲ್ಲೇ ಕಟ್ಟುತ್ತೇನೆ ಎಂದು ಬರೆದಿದ್ದೀಯಲ್ಲ, ಅದು ಮಾತ್ರ ಬೇಡ.

ನಿನ್ನ ಆಸೆಗೆ ಕಾರಣವಿದೆ, ಒಪ್ಪುತ್ತೇನೆ. ಕಟ್ಟಿದ ದೋಣಿ ಸದಾ ಸಿದ್ಧ. ಸಂಜೆ ಐದಕ್ಕೆ ಹೋಗಿ ಹಗ್ಗ ಬಿಚ್ಚಿದರೆ ಕತ್ತಲಾಗುವ ತನಕ ನೀರಿನ ಮೇಲಿರಬಹುದು. ಟ್ರೇಲರಿನ ಮೇಲಿಟ್ಟರೆ ಪ್ರತಿಸಲ ದುರ್ಗದಿಂದ ಎಳೆದುಕೊಂಡು ಹೋಗಬೇಕು, ಹಾಯಿ ಹೊರುವ ಕೂವೆಕಂಬ ನಿಲ್ಲಿಸಬೇಕು, ಅದರ ತಂತಿಗಳನ್ನು ಬಿಗಿಯಬೇಕು, ಹಾಯಿ ಪೋಣಿಸಬೇಕು, ಚುಕ್ಕಾಣಿ ಸಿಕ್ಕಿಸಬೇಕು. ಕೈ ಪಳಗುವ ತನಕ ಇದಕ್ಕೇ ಒಂದು ಗಂಟೆ ಹಿಡಿಯುತ್ತದೆ. ಮರಳುವಾಗ ಅಷ್ಟೇ ಕೆಲಸ, ಹಿಂದುಮುಂದಾಗಿ. ಹೀಗೆ ಬೇಸತ್ತು ದೋಣಿಯನ್ನು ಶೆಡ್ಡಿನಲ್ಲಿ ಧೂಳು ಹಿಡಿಯಲು ಬಿಟ್ಟವರನ್ನು ನಾನು ನೋಡಿದ್ದೇನೆ. ಆ ಗತಿ ನಿನ್ನ ದೋಣಿಗೆ ಬರಬಾರದು ಎಂಬ ಕಾಳಜಿ ನನಗೂ ಇದೆ.

ಆದರೂ ಬೇಡ ಎನ್ನಲು ಮೊದಲ ಕಾರಣ ದೋಣಿಯ ಒಡಲಲ್ಲೇ ಇದೆ. ಸಮುದ್ರದಲ್ಲಿ ಲಂಗರು ಹಾಕಿ ನಿಲ್ಲುವ ದೊಡ್ಡ ಹಾಯಿದೋಣಿಗಳ ತಳದಲ್ಲಿ ಸೀಸದ ಅಥವಾ ಕಬ್ಬಿಣದ ಭಾರವಿರುತ್ತದೆ. ಗಾಳಿ ಅವುಗಳನ್ನು ಎಷ್ಟು ವಾಲಿಸಿದರೂ ಆ ಭಾರ ಮತ್ತೆ ನೆಟ್ಟಗೆ ನಿಲ್ಲಿಸುತ್ತದೆ. ನಿನ್ನ ದೋಣಿಯ ಒಡಲು ನೂರು ಕಿಲೋ ಕೂಡ ತೂಗುವುದಿಲ್ಲ. ಅದನ್ನು ನೆಟ್ಟಗೆ ಹಿಡಿಯುವ ಭಾರವೆಂದರೆ ಅದರಲ್ಲಿ ಕೂತ ನೀನೇ. ಆಳಿಲ್ಲದೆ ಕಟ್ಟಿಟ್ಟರೆ ಹಾಯಿ ಇಳಿಸಿದ್ದರೂ ಬರಿಯ ಕೂವೆಕಂಬಕ್ಕೆ ಬಡಿದ ಗಾಳಿ ಅದನ್ನು ಮಗುಚಿಬಿಡಬಹುದು. ದುರ್ಗದ ಗಾಳಿಯ ಬಗ್ಗೆ ನಿನಗೆ ಹೇಳಬೇಕೆ? ಜೋಗಿಮಟ್ಟಿಯ ಸಾಲಿನಲ್ಲಿ ಗಾಳಿಯಂತ್ರಗಳನ್ನು ನೆಟ್ಟಿರುವುದು ಸುಮ್ಮನೆ ಅಲ್ಲ. ಆಷಾಢದಲ್ಲಿ ಹಗಲೂ ರಾತ್ರಿ ಬೀಸುವ ಆ ಗಾಳಿಗೆ ಧಕ್ಕೆಗೆ ಕಟ್ಟಿದ ದೋಣಿ ಉಜ್ಜುತ್ತಾ, ಬಡಿದುಕೊಳ್ಳುತ್ತಾ ಇರುತ್ತದೆ, ಹಗ್ಗ ಸವೆಯುತ್ತದೆ. ಒಂದು ಜೋರು ಮಳೆ ಬಂದರೆ ತೆರೆದ ದೋಣಿ ತುಂಬಿಕೊಳ್ಳುತ್ತದೆ. ನೀನಿರುವುದು ಊರೊಳಗೆ. ನೀರು ಮೊಗೆದು ಹಾಕುವವರು ಯಾರು?

ಇನ್ನೊಂದು ಕಾರಣ ನಮ್ಮ ಜಲಾಶಯದ್ದು. ದೋಣಿ ಕಟ್ಟುವ ಧಕ್ಕೆ ಚೆನ್ನಾಗಿ ನಡೆಯುವುದು ನೀರಿನ ಮಟ್ಟ ಹೆಚ್ಚು ಏರಿಳಿಯದ ಕಡೆ, ಇಲ್ಲವೇ ಸಮುದ್ರದಲ್ಲಿ ಆಗುವ ಹಾಗೆ ಇಳಿದದ್ದು ಕೆಲವು ಗಂಟೆಗಳಲ್ಲಿ ಮತ್ತೆ ಏರುವ ಕಡೆ. ಮಾರಿಕಣಿವೆಯ, ಅಂದರೆ ಇದೇ ವಾಣಿವಿಲಾಸ ಸಾಗರದ, ಕತೆ ಬೇರೆ. 1907ರಲ್ಲಿ ಮುಗಿದ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. 2025ರ ಜನವರಿಯಲ್ಲಿ ಮತ್ತೊಮ್ಮೆ. 130 ಅಡಿಯ ತುಂಬು ಮಟ್ಟವನ್ನು ನೋಡಲು ಎರಡು ತಲೆಮಾರು ಕಾದವು. ಈಗ ಭದ್ರೆಯ ನೀರೂ ಬರುತ್ತಿದೆ, ನಿಜ. ಆದರೆ ಆ ನೀರು ಇರುವುದು ಕಾಲುವೆಗೆ, ತೋಟಗಳಿಗೆ, ಊರುಗಳ ನಲ್ಲಿಗೆ. ನಮ್ಮ ಧಕ್ಕೆಗಾಗಿ ಯಾರೂ ಮಟ್ಟ ಕಾಯುವುದಿಲ್ಲ, ಕಾಯಲೂಬಾರದು. ಸುಮ್ಮನೆ ಲೆಕ್ಕ ಹಾಕು. ಭಾವನವರ ತೋಟದ ಕೆಳಗೆ ನೂರು ಅಡಿಗೆ ಎರಡು ಅಡಿಯಷ್ಟು ಇಳಿಜಾರಿದೆ ಎಂದಿಟ್ಟುಕೊಂಡರೂ, ನೀರು ಹತ್ತು ಅಡಿ ಇಳಿದರೆ ದಡ ಐನೂರು ಅಡಿ ಆಚೆ ಹೋಗುತ್ತದೆ. ನಿನ್ನ ಡ್ರಮ್ಮು, ಹಲಗೆ, ದೋಣಿ ಎಲ್ಲವೂ ಕೆಸರಿನಲ್ಲಿ ಕೂತಿರುತ್ತವೆ.

ಸಿಹಿನೀರು ತಾನೇ, ಉಪ್ಪಿನ ಕಾಟವಿಲ್ಲ ಎಂದೂ ಬರೆದಿದ್ದೀಯ. ಸಮುದ್ರದಲ್ಲಿ ದೋಣಿಗಳಿಗೆ ಮೆತ್ತಿಕೊಳ್ಳುವ ಬಾರ್ನಕಲ್ ಚಿಪ್ಪುಗಳು ತಳಕ್ಕೆ ಅಂಟುವುದಿಲ್ಲ, ಲೋಹ ಬೇಗ ತುಕ್ಕು ಹಿಡಿಯುವುದಿಲ್ಲ. ಅಷ್ಟು ಸರಿ. ಫೈಬರಿನ ವಿಷಯದಲ್ಲಿ ಮಾತ್ರ ಇದು ತಿರುಗುಮುರುಗು. ತಿಂಗಳುಗಟ್ಟಲೆ ನೀರಿನಲ್ಲೇ ಇದ್ದರೆ ಮೇಲಿನ ನುಣುಪು ಪದರದ ಒಳಗೆ ನೀರು ಇಳಿದು ಅಲ್ಲಿನ ರಾಳದೊಂದಿಗೆ ಬೆರೆತು ಗುಳ್ಳೆಗಳೇಳುತ್ತವೆ. ಸಿಹಿನೀರಿನಲ್ಲಿ ಇದು ಸಮುದ್ರಕ್ಕಿಂತ ಬೇಗ, ಬೆಚ್ಚಗಿನ ನೀರಿನಲ್ಲಿ ಇನ್ನೂ ಬೇಗ. ಪಾಚಿಯಂತೂ ಹಿಡಿದೇ ಹಿಡಿಯುತ್ತದೆ. ಪಾಚಿ ತಡೆಯುವ ಬಣ್ಣ ಬಳಿಯುತ್ತೇನೆ ಎಂದು ಮಾತ್ರ ಯೋಚಿಸಬೇಡ. ಆ ಬಣ್ಣಗಳು ಕೆಲಸ ಮಾಡುವುದು ಹೆಚ್ಚಾಗಿ ತಾಮ್ರದ ವಿಷದಿಂದ. ಅದು ನಿಧಾನವಾಗಿ ಕರಗುತ್ತಾ ನೀರಿಗೆ ಸೇರುತ್ತದೆ. ಹಿರಿಯೂರು, ಚಳ್ಳಕೆರೆ, ಚಿತ್ರದುರ್ಗ ಕುಡಿಯುವುದು ಇದೇ ನೀರನ್ನು. ನಮ್ಮ ಸಂಜೆಯ ಸಂತೋಷಕ್ಕೆ ಅದರಲ್ಲಿ ಒಂದು ತೊಟ್ಟು ವಿಷ ಬೆರೆಯುವುದೂ ನನಗೆ ಒಪ್ಪಿಗೆಯಲ್ಲ.

ಹಾಗಾದರೆ ಪ್ರತಿ ಭಾನುವಾರ ದುರ್ಗದಿಂದ ಎಳೆಯುವುದೇ? ಅದೂ ಬೇಡ. ನಿನಗೆ ತೋಟವಿದೆಯಲ್ಲ! ದೋಣಿಯನ್ನು ಅಲ್ಲೇ, ತುಂಬು ಮಟ್ಟಕ್ಕಿಂತ ಮೇಲೆ, ಗಟ್ಟಿ ನೆಲದ ಮೇಲೆ, ಕೂವೆಕಂಬ ನಿಂತಿರುವಂತೆಯೇ ಇಡು. ಕೆಳಗೆ ಒಂದು ಕೈಗಾಡಿ ಇರಲಿ: ಎರಡು ದೊಡ್ಡ ಚಕ್ರ, ಒಡಲಿನ ಆಕಾರಕ್ಕೆ ಬಾಗಿದ ತೊಟ್ಟಿಲು, ಎಳೆಯಲು ಹಿಡಿ. ಹಿರಿಯೂರಿನ ಯಾವುದೇ ವೆಲ್ಡಿಂಗ್ ಅಂಗಡಿಯವರು ಅಳತೆ ಕೊಟ್ಟರೆ ಮಾಡುತ್ತಾರೆ. ಕೊಚ್ಚಿಯಲ್ಲಿ ನಮ್ಮ ದೋಣಿಗಳೆಲ್ಲ ಇರುತ್ತಿದ್ದದ್ದು ಹೀಗೆಯೇ, ದಡದ ಮೇಲೆ. ಹಾಯಿ ಪೋಣಿಸಿ ಇಳಿಸಲು ಕಾಲು ಗಂಟೆ ಸಾಕಾಗುತ್ತಿತ್ತು. ಧಕ್ಕೆಯ ಸುಖದ ಬಹುಪಾಲು ನಿನಗೆ ಇಲ್ಲೇ ದಕ್ಕುತ್ತದೆ, ನೀರು ಎಷ್ಟು ಹಿಂದೆ ಸರಿದರೂ ಕೈಗಾಡಿ ಹಿಂಬಾಲಿಸುತ್ತದೆ. ದೂರ ಹೆಚ್ಚಾದ ಬೇಸಿಗೆಯಲ್ಲಿ ಭಾವನವರ ಟ್ರ್ಯಾಕ್ಟರ್ ಇದ್ದೇ ಇದೆ.

ಜಾಗ ಆರಿಸುವಾಗ ಮೊದಲು ಆಕಾಶ ನೋಡು. ಕೂವೆಕಂಬ ಇಪ್ಪತ್ತು ಅಡಿಗೂ ಎತ್ತರದ ಅಲ್ಯೂಮಿನಿಯಂ. ದೋಣಿ ನಿಲ್ಲುವ ಜಾಗದಿಂದ ನೀರಿನ ತನಕ ಪಂಪ್‌ಸೆಟ್ಟಿಗೆ ಹೋಗುವ ಒಂದೇ ಒಂದು ವಿದ್ಯುತ್ ತಂತಿ ಅಡ್ಡ ಬಂದರೂ ಆ ಜಾಗವನ್ನು ಬಿಟ್ಟುಬಿಡು. ಹಾಯಿದೋಣಿಯವರು ದಡದಲ್ಲೇ ಸಾಯುವುದು ಹೀಗೆ. ತೆಂಗಿನ ಮರದ ಕೆಳಗೂ ಇಡಬೇಡ, ಒಂದು ಕಾಯಿ ಬಿದ್ದರೆ ಫೈಬರ್ ಸೀಳುತ್ತದೆ. ನೆಲಕ್ಕೆ ಗೂಟ ಹೊಡೆದು ಎರಡೂ ಬದಿಯಿಂದ ದೋಣಿಯನ್ನು ಬಿಗಿ, ಗಾಳಿ ದಡದ ಮೇಲಿನ ದೋಣಿಯನ್ನೂ ಎತ್ತಿ ಹಾಕುತ್ತದೆ. ಹಿಂಬದಿಯ ಬಿರಡೆ ತೆಗೆದಿಡು, ಮಳೆನೀರು ಹರಿದುಹೋಗಲಿ. ಇಳಿಸುವ ಮುನ್ನ ಅದನ್ನು ಮತ್ತೆ ಹಾಕಿದೆಯಾ ಎಂದು ಕೈಯಿಂದ ಮುಟ್ಟಿ ನೋಡು. ಹಾಯಿಯನ್ನು ಬಿಸಿಲಿಗೆ ಬಿಡದೆ ಮನೆಯೊಳಗೆ ಇಡು. ಬಳ್ಳಾರಿ ಜಾಲಿಯ ಮುಳ್ಳಿಗೆ ಕೈಗಾಡಿಯ ಟ್ಯೂಬು ಉಳಿಯುವುದಿಲ್ಲ, ಗಟ್ಟಿ ರಬ್ಬರಿನ ಚಕ್ರವನ್ನೇ ಹಾಕಿಸು.

ರಸ್ತೆಯ ಟ್ರೇಲರ್ ಬೇಡವೆಂದಲ್ಲ. ಒಂದು ದಿನ ಸೂಳೆಕೆರೆಯಲ್ಲಿ, ಆ ಎರಡು ಗುಡ್ಡಗಳ ನಡುವೆ, ನೀಲಿ ಹಾಯಿ ಬಿಚ್ಚಬೇಕೆಂಬ ಆಸೆ ನನಗೆ ಬಹಳ ಇದೆ. ಬೆಂಗಳೂರಿನಿಂದ ತರುವ ಮೊದಲ ಸವಾರಿಗೆ ಮಿನಿ ಲಾರಿ ಸಾಕು. ಮುಂದೆ ಟ್ರೇಲರ್ ಮಾಡಿಸಿದರೆ ನೆನಪಿಡು, ಅದಕ್ಕೂ ನೋಂದಣಿ ಬೇಕು. ಒಟ್ಟು ತೂಕದಲ್ಲಿ ನೂರಕ್ಕೆ ಏಳೆಂಟು ಪಾಲು ಕಾರಿನ ಕೊಂಡಿಯ ಮೇಲೆ ಬರಲಿ. ಹಿಂದೆ ಭಾರವಾದರೆ ಹೆದ್ದಾರಿಯಲ್ಲಿ ಬಾಲ ಬೀಸಲು ಶುರುಮಾಡುತ್ತದೆ. ಟ್ರೇಲರಿನ ಚಕ್ರವನ್ನು ನೀರಿಗೆ ಇಳಿಸಬೇಡ. ದೂರದಿಂದ ಓಡಿ ಬಂದ ಬೇರಿಂಗ್ ಕಾದಿರುತ್ತದೆ. ತಣ್ಣೀರು ತಾಗಿದೊಡನೆ ಒಳಗಿನ ಗಾಳಿ ಕುಗ್ಗಿ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಗ್ರೀಸ್ ಕೆಡುತ್ತದೆ. ಅದಕ್ಕೇ ಕೈಗಾಡಿ ಬೇರೆ, ಟ್ರೇಲರ್ ಬೇರೆ.

ಇಳಿಸುವಾಗ ಮೂತಿ ಗಾಳಿಗೆ ಎದುರಾಗಿರಲಿ, ಆಮೇಲೆ ಹಾಯಿ ಏರಿಸು. ಗಾಳಿ ನೀರಿನಿಂದ ನೇರ ದಡಕ್ಕೆ ಬೀಸುತ್ತಿದ್ದರೆ ಹೊರಡುವುದೇ ಕಷ್ಟ. ಹೊಸಬನಿಗೆ ಅಂಥ ದಿನ ಬೇಡ. ಹಿನ್ನೀರಿನಡಿ ಮುಳುಗಿದ ಜಾಲಿ ಮರಗಳಿವೆ, ಮೀನುಗಾರರ ಬಲೆಗಳಿವೆ. ತೆಪ್ಪದವರಿಗೆ ಒಂದೊಂದು ಮರದ ಮೋಟೂ ಗೊತ್ತು. ಅವರನ್ನು ಮೊದಲು ಮಾತನಾಡಿಸು, ಬಲೆ ಬಿಟ್ಟ ಕಡೆ ಹೋಗಬೇಡ.

ನೀರಾವರಿ ಇಲಾಖೆಯ ಅನುಮತಿಯಿಲ್ಲದೆ ದೋಣಿ ಇಳಿಸುವಂತಿಲ್ಲ, ಆದ್ದರಿಂದ ಹಣ ಕೊಡುವ ಮುನ್ನ ಆ ಅರ್ಜಿ ಬರೆ. ಕರಡನ್ನು ನನಗೆ ಕಳಿಸು, ನೋಡಿಕೊಡುತ್ತೇನೆ. ಭಾವನವರ ತೋಟದ ಗೇಟು ಎಷ್ಟು ಅಗಲವಿದೆ ಎಂದು ಅಳೆದು ತಿಳಿಸು: ದೋಣಿಯ ಅಗಲವೇ ಐದೂಕಾಲು ಅಡಿ. ಅದು ಗೊತ್ತಾದರೆ ಕೈಗಾಡಿಯ ನಕ್ಷೆ ಬರೆದು ಕಳಿಸುತ್ತೇನೆ. ಲೈಫ್ ಜಾಕೆಟ್ಟುಗಳನ್ನು ಹಳೆಯವು ಕೊಳ್ಳಬೇಡ, ಹೊಸದಾಗಿ ಎರಡು ಕೊಂಡುಕೋ. ಅತ್ತಿಗೆಯವರಿಗೆ ನನ್ನ ನಮಸ್ಕಾರ.

ನಿನ್ನ ಗೆಳೆಯ