ಸೀಟಿನ ಎತ್ತರವನ್ನು ಇಬ್ಬರೂ ಕುಳಿತು ಅಳೆಯಬೇಕು

ಮಾನ್ಯ ಸಂಪಾದಕರೇ,

350 ಸಿಸಿವರೆಗಿನ ಮೋಟಾರ್ ಸೈಕಲ್‌ಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರ ಬದಲು ಶೇ 18ಕ್ಕೆ ಇಳಿದ ಮೇಲೆ, ದೂರದ ಪ್ರಯಾಣಕ್ಕೆ ಒಂದು ಒಳ್ಳೆಯ ಬೈಕ್ ಕೊಳ್ಳೋಣ ಎಂದು ಯೋಚಿಸುವ ದಂಪತಿಗಳು ನಮ್ಮ ಊರುಗಳಲ್ಲಿ ಹೆಚ್ಚಾಗಿದ್ದಾರೆ. ಪತ್ರಿಕೆಗಳ ವಾಹನ ಪುಟಗಳು ಅವರಿಗೆ ಇಂಜಿನ್ನಿನ ಶಕ್ತಿ, ಮೈಲೇಜು, ಬೆಲೆ, ಬಣ್ಣಗಳ ವಿವರವನ್ನು ಚೆನ್ನಾಗಿಯೇ ಒದಗಿಸುತ್ತಿವೆ. ಸೀಟಿನ ಎತ್ತರದ ವಿಷಯಕ್ಕೆ ಬಂದಾಗ ಮಾತ್ರ ಕಂಪನಿ ಕೊಟ್ಟ ಒಂದೇ ಒಂದು ಅಂಕಿಯನ್ನು ಮುದ್ರಿಸಿ ಮುಂದೆ ಸಾಗುತ್ತವೆ. ಆ ಅಂಕಿ, ಯಾರೂ ಕುಳಿತಿರದ ಖಾಲಿ ಬೈಕಿನದು. ಎತ್ತರ ಕಡಿಮೆ ಇರುವವರು, ಅದರಲ್ಲೂ ಹಿಂದೆ ಇನ್ನೊಬ್ಬರನ್ನು ಕೂರಿಸಿಕೊಂಡು ಚೀಲಗಳನ್ನೂ ಹೇರಿಕೊಂಡು ದಿನವಿಡೀ ಪ್ರಯಾಣಿಸುವವರು, ಅದೊಂದನ್ನೇ ನಂಬಿ ಲಕ್ಷಗಟ್ಟಲೆ ಹಣ ಕೊಟ್ಟು ಬೈಕ್ ಕೊಳ್ಳುವುದು ಸರಿಯಲ್ಲ ಎಂಬುದನ್ನು ತಮ್ಮ ಓದುಗರ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಎತ್ತರ ಐದು ಅಡಿ ಎರಡು ಅಂಗುಲ. ನಮ್ಮ ಮನೆಯಲ್ಲಿ ಬೈಕ್ ಓಡಿಸುವವಳು ನಾನು. ಎತ್ತರ, ತೂಕ ಎರಡರಲ್ಲೂ ನನಗಿಂತ ಹೆಚ್ಚಿರುವ ನಮ್ಮ ಯಜಮಾನರು ಹಿಂದೆ ಕೂರುತ್ತಾರೆ. ಧರ್ಮಸ್ಥಳ, ಹೊರನಾಡು, ಉಡುಪಿ, ಮಡಿಕೇರಿ ಹೀಗೆ ನಾವು ಹೋಗುವ ದಾರಿಗಳೆಲ್ಲ ಬಹುಪಾಲು ಘಾಟಿಯ ದಾರಿಗಳೇ. ನನ್ನಂತಹ ಮಹಿಳೆಯರಷ್ಟೇ ಅಲ್ಲ, ಐದು ಅಡಿ ಮೂರು ನಾಲ್ಕು ಅಂಗುಲ ಎತ್ತರದ ಗಂಡಸರೂ ನಮ್ಮ ನಾಡಿನಲ್ಲಿ ಅಪರೂಪವಲ್ಲ. ಆದರೂ ಕೆಟ್ಟ ದಾರಿಯ ದೂರ ಪ್ರಯಾಣಕ್ಕೆಂದು ಎತ್ತರವಾಗಿ ಮಾಡಿದ ಅಡ್ವೆಂಚರ್ ಬೈಕ್‌ಗಳ ಜಾಹೀರಾತುಗಳನ್ನು ನೋಡಿದರೆ ಸವಾರರೆಲ್ಲ ಆರಡಿ ಆಳುಗಳೇ ಎಂಬ ಭಾವನೆ ಬರುತ್ತದೆ.

ಮೊದಲು ಎತ್ತರದ ಲೆಕ್ಕವನ್ನೇ ನೋಡೋಣ. ನೆಲಕ್ಕೆ ಕಾಲು ಎಟುಕುವುದು ಸವಾರನ ಒಟ್ಟು ಎತ್ತರವನ್ನು ಅವಲಂಬಿಸಿಲ್ಲ, ತೊಡೆಸಂದಿನಿಂದ ಹಿಮ್ಮಡಿಯವರೆಗಿನ ಕಾಲಿನ ಉದ್ದವನ್ನು ಅವಲಂಬಿಸಿದೆ. ನನ್ನಷ್ಟು ಎತ್ತರದವರಲ್ಲಿ ಅದು ಸಾಮಾನ್ಯವಾಗಿ 70ರಿಂದ 73 ಸೆಂಟಿಮೀಟರ್ ಇರುತ್ತದೆ, ಅಂದರೆ ಸುಮಾರು 720 ಮಿಲಿಮೀಟರ್. ಸೀಟಿನ ಎತ್ತರ 800 ಮಿಲಿಮೀಟರ್ ಇರುವ ಬೈಕಿನಲ್ಲಿ, ದಪ್ಪ ಅಡಿಯ ಬೂಟು ಹಾಕಿದರೂ, ಎರಡೂ ಕಾಲುಗಳ ಮುಂಗಾಲಷ್ಟೇ ನೆಲಕ್ಕೆ ತಾಗುತ್ತದೆ. ಸೀಟಿನ ಅಗಲವೂ ಇಲ್ಲಿ ಮುಖ್ಯ. ಟ್ಯಾಂಕಿನ ಬಳಿ ಸೀಟು ಅಗಲವಾಗಿದ್ದರೆ ತೊಡೆಗಳು ಹೊರಕ್ಕೆ ಚಾಚಿಕೊಂಡು ಕಾಲಿನ ಉದ್ದದ ಒಂದು ಪಾಲು ಅಲ್ಲಿಯೇ ಕಳೆದುಹೋಗುತ್ತದೆ. ಆದ್ದರಿಂದ 800 ಮಿಲಿಮೀಟರ್ ಎತ್ತರದ ಕಿರಿದಾದ ಸೀಟು, 780 ಮಿಲಿಮೀಟರ್ ಎತ್ತರದ ಅಗಲ ಸೀಟಿಗಿಂತ ಹತ್ತಿರವೆನಿಸಬಹುದು. ಕಾಗದದ ಮೇಲಿನ ಅಂಕಿ ಇದನ್ನು ತಿಳಿಸುವುದಿಲ್ಲ.

ಇನ್ನು ಹಿಂದೆ ಒಬ್ಬರು ಕುಳಿತಾಗ ಏನಾಗುತ್ತದೆ ಎಂಬುದು ಅದಕ್ಕಿಂತ ಮುಖ್ಯವಾದದ್ದು. ಹಿಂಬದಿ ಸವಾರರ ಭಾರ ಹೆಚ್ಚುಕಡಿಮೆ ಹಿಂದಿನ ಚಕ್ರದ ಮೇಲೆಯೇ ಬೀಳುವುದರಿಂದ ಹಿಂದಿನ ಸ್ಪ್ರಿಂಗುಗಳು ಕುಗ್ಗಿ, ಬೈಕಿನ ಹಿಂಭಾಗ ತಗ್ಗುತ್ತದೆ. ಸೀಟು ಇಳಿಯಿತು, ಕಾಲು ಎಟುಕಿತು ಎಂದು ಸಂತೋಷಪಡುವಂತಿಲ್ಲ, ಏಕೆಂದರೆ ಅದೇ ಕಾರಣಕ್ಕೆ ಮುಂದಿನ ಚಕ್ರ ಹಗುರವಾಗಿ ಹ್ಯಾಂಡಲ್ ತಿರುಗಿಸಿದಷ್ಟು ಚುರುಕಾಗಿ ಬೈಕ್ ತಿರುಗುವುದಿಲ್ಲ, ಹೆಡ್‌ಲೈಟ್ ಮೇಲಕ್ಕೆ ನೋಡಿ ಎದುರಿನವರ ಕಣ್ಣು ಕುಕ್ಕುತ್ತದೆ, ಹಂಪು ಗುಂಡಿಗಳಲ್ಲಿ ಶಾಕ್ ಅಬ್ಸಾರ್ಬರ್ ಪೂರ್ತಿ ಕುಗ್ಗಿ ಹಿಂದೆ ಕುಳಿತವರ ಬೆನ್ನಿಗೆ ಪೆಟ್ಟು ಬೀಳುತ್ತದೆ. ಇದನ್ನು ತಪ್ಪಿಸಲೆಂದೇ ಹಿಂದಿನ ಶಾಕ್ ಅಬ್ಸಾರ್ಬರ್‌ನ ಪ್ರೀಲೋಡನ್ನು, ಅಂದರೆ ಸ್ಪ್ರಿಂಗನ್ನು ಮೊದಲೇ ಬಿಗಿಮಾಡಿಡುವ ಪ್ರಮಾಣವನ್ನು, ಹೆಚ್ಚಿಸಬೇಕು, ಹಿಂದಿನ ಟೈರಿಗೆ ಕೈಪಿಡಿಯಲ್ಲಿ ಇಬ್ಬರು ಸವಾರರಿಗೆಂದು ಸೂಚಿಸಿರುವಷ್ಟು ಗಾಳಿ ತುಂಬಿಸಬೇಕು. ಪ್ರೀಲೋಡ್ ಹೆಚ್ಚಿಸಿದೊಡನೆ ಸೀಟು ಮತ್ತೆ ಮೇಲೇರುತ್ತದೆ. ಇಬ್ಬರೂ ಕುಳಿತಿರುವಾಗ ಅಷ್ಟಾಗಿ ತಿಳಿಯದ ಈ ಏರಿಕೆ, ಚಹಾ ಅಂಗಡಿಯ ಮುಂದೆ ಹಿಂಬದಿ ಸವಾರರು ಇಳಿದ ಕ್ಷಣದಲ್ಲಿ ಗೊತ್ತಾಗುತ್ತದೆ: ಅವರ ಭಾರ ಇಳಿದೊಡನೆ ಹಿಂಭಾಗ ಮೇಲಕ್ಕೆದ್ದು, ಚೀಲಗಳನ್ನು ಹೊತ್ತ ಬೈಕನ್ನು ಕುಳ್ಳಗಿನ ಸವಾರರು ತುದಿಗಾಲಿನಲ್ಲಿ ಹಿಡಿದು ನಿಲ್ಲಬೇಕಾಗುತ್ತದೆ. ಬೈಕ್ ಆರಿಸುವಾಗ ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ್ದು ಈ ಗಳಿಗೆಯನ್ನು. ಒಬ್ಬರೇ ಷೋರೂಮಿನ ನುಣುಪು ನೆಲದ ಮೇಲೆ ಕುಳಿತು ನೋಡುವ ಗಳಿಗೆಯನ್ನಲ್ಲ.

ಘಾಟಿಯ ರಸ್ತೆಗಳು ಈ ಕಷ್ಟವನ್ನು ಇಮ್ಮಡಿಗೊಳಿಸುತ್ತವೆ. ನಮ್ಮ ರಸ್ತೆಗಳು ನೀರು ಹರಿದುಹೋಗಲೆಂದು ನಡುವಿನಿಂದ ಅಂಚಿಗೆ ಇಳಿಜಾರಾಗಿರುತ್ತವೆ. ನಾವು ಎಡಬದಿಯಲ್ಲಿ ಸಾಗುವುದರಿಂದ ಎಡಗಾಲಿಗೆ ಸಿಗುವ ನೆಲ ಸಾಮಾನ್ಯವಾಗಿ ಬಲಗಾಲಿಗಿಂತ ತುಸು ಕೆಳಗಿರುತ್ತದೆ. ಚಾರ್ಮಾಡಿಯಲ್ಲಿಯೋ ಆಗುಂಬೆಯಲ್ಲಿಯೋ ಏರುದಾರಿಯ ತಿರುವಿನಲ್ಲಿ ಮುಂದಿನ ವಾಹನ ತಟ್ಟನೆ ನಿಂತರೆ, ಬಲಗಾಲು ಹಿಂದಿನ ಬ್ರೇಕಿನ ಮೇಲಿರುವುದರಿಂದ ಸವಾರರು ಅಭ್ಯಾಸಬಲದಿಂದ ಎಡಗಾಲನ್ನೇ ಇಳಿಸುತ್ತಾರೆ, ಅಂದರೆ ನೆಲ ಅತ್ಯಂತ ದೂರವಿರುವ ಕಡೆಗೇ ಕಾಲು ಚಾಚುತ್ತಾರೆ. ಒಬ್ಬರೇ ಇದ್ದಾಗ ಸೊಂಟವನ್ನು ಸ್ವಲ್ಪ ಸರಿಸಿ ನಿಭಾಯಿಸಬಹುದು. ಹಿಂದೆ ಕುಳಿತವರು ಅದೇ ಹೊತ್ತಿಗೆ ಎಡಕ್ಕೆ ವಾಲಿ ನೋಡಿದರೆ, ಒಟ್ಟು ಮುನ್ನೂರು ಕಿಲೋಗ್ರಾಂ ದಾಟಿದ ಭಾರವನ್ನು ಒಂದು ತುದಿಗಾಲು ತಡೆಯಲಾರದು. ಕಡಿದಾದ ಏರಿನಲ್ಲಿ ಮುಂದಿನ ಬ್ರೇಕನ್ನು ಬೆರಳುಗಳಿಂದ ಹಿಡಿದು ಬಲಗಾಲನ್ನು ಇಳಿಸುವುದನ್ನು ಕುಳ್ಳಗಿನ ಸವಾರರು ರೂಢಿಸಿಕೊಳ್ಳಲೇಬೇಕು; ಹಿಂದೆ ಕುಳಿತವರು ಬೈಕ್ ನಿಲ್ಲುವಾಗ ಅಲುಗಾಡದೆ ಇರಬೇಕು, ಸವಾರರು ಎರಡೂ ಕಾಲು ಊರಿ ಬ್ರೇಕ್ ಹಿಡಿದು ಹೇಳಿದ ಮೇಲಷ್ಟೇ ಹತ್ತಬೇಕು, ಇಳಿಯಬೇಕು. ಹತ್ತುವವರು ಎಡಬದಿಯ ಫುಟ್‌ರೆಸ್ಟ್ ಮೇಲೆ ಇಡೀ ಭಾರ ಹಾಕಿ ಏರುವಾಗ ಬೈಕ್ ಎಡಕ್ಕೆ ಎಳೆಯುತ್ತದೆ ಎಂಬುದನ್ನು ಇಬ್ಬರೂ ಮೊದಲೇ ತಿಳಿದಿರಬೇಕು.

ಹಾಗಾದರೆ ಅತ್ಯಂತ ತಗ್ಗಿನ ಬೈಕ್ ಕೊಂಡರಾಯಿತಲ್ಲ ಎಂದು ಕೇಳುವವರಿದ್ದಾರೆ. ಅದು ಅಷ್ಟು ಸರಳವಲ್ಲ. ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯರ್ 650ರ ಸೀಟಿನ ಎತ್ತರ ಕೇವಲ 740 ಮಿಲಿಮೀಟರ್. ನನ್ನಂತಹವರಿಗೂ ಅಂಗಾಲು ಬಹುಮಟ್ಟಿಗೆ ನೆಲಕ್ಕೆ ಊರುತ್ತದೆ. ಆದರೆ ಅದರ ತೂಕ 241 ಕಿಲೋಗ್ರಾಂ, ನೆಲದಿಂದ ತಳಭಾಗಕ್ಕಿರುವ ಅಂತರ 135 ಮಿಲಿಮೀಟರ್. ಇಬ್ಬರು ಕುಳಿತು ಹಿಂಭಾಗ ತಗ್ಗಿದ ಮೇಲೆ, ನಮ್ಮ ಹಳ್ಳಿಗಳ ಅಳತೆಯಿಲ್ಲದ ಹಂಪುಗಳಲ್ಲಿ ಅದರ ಹೊಟ್ಟೆ ಉಜ್ಜುವ ಭಯ ತಪ್ಪದು. ಇಳಿಜಾರಿನತ್ತ ಮುಖ ಮಾಡಿ ನಿಲ್ಲಿಸಿದರೆ ಹಿಂದಕ್ಕೆ ತಳ್ಳಲು ಇನ್ನೊಬ್ಬರ ಸಹಾಯ ಬೇಕೇಬೇಕು. ಜಾವಾ 42 ಬಾಬರ್ ಸಹ 740 ಮಿಲಿಮೀಟರ್ ಎತ್ತರದ್ದೇ, ಆದರೆ ಅದಕ್ಕಿರುವುದು ಒಂದೇ ಸೀಟು. ಬಜಾಜ್ ಅವೆಂಜರ್ ಕ್ರೂಸ್ 220 ತನ್ನ 737 ಮಿಲಿಮೀಟರ್ ಸೀಟು ಮತ್ತು 163 ಕಿಲೋಗ್ರಾಂ ತೂಕದಿಂದಾಗಿ ಕುಳ್ಳಗಿನವರಿಗೆ ಬಹುಕಾಲದಿಂದ ಆಸರೆಯಾಗಿದೆ, ಆ ಬಗ್ಗೆ ನನಗೆ ಗೌರವವಿದೆ. ಆದರೂ ಇಂತಹ ತಗ್ಗಿನ ಸೀಟಿನ ಕ್ರೂಸರ್‌ಗಳಲ್ಲಿ ಕಾಲು ಮುಂದಕ್ಕೆ ಚಾಚಿರುವುದರಿಂದ ಗುಂಡಿ ಬಂದಾಗ ಕಾಲೂರಿ ಮೇಲೆದ್ದು ಪೆಟ್ಟು ತಪ್ಪಿಸಿಕೊಳ್ಳಲು ಬರುವುದಿಲ್ಲ. ಕೆಟ್ಟ ರಸ್ತೆಯಲ್ಲಿ ಇಡೀ ದಿನ ಸಾಗಿದರೆ ಅದರ ಪರಿಣಾಮ ಸೊಂಟದ ಮೇಲಾಗುತ್ತದೆ.

ಇನ್ನೊಂದು ತುದಿಯಲ್ಲಿ ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್ ಇದೆ. ತೂಕ 167 ಕಿಲೋಗ್ರಾಂ ಮಾತ್ರ, ಇಬ್ಬರಿಗೂ ನೆಟ್ಟಗೆ ಕೂರಲು ಅನುಕೂಲ. ಆದರೆ ಸೀಟಿನ ಎತ್ತರ 835 ಮಿಲಿಮೀಟರ್. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450ರ ಸೀಟು 825 ಮಿಲಿಮೀಟರ್, ಕಂಪನಿಯೇ ಪ್ರತ್ಯೇಕವಾಗಿ ಮಾರುವ ತಗ್ಗಿನ ಸೀಟು ಹಾಕಿಸಿದರೆ 805ಕ್ಕೆ ಇಳಿಯುತ್ತದೆ. ಹಿಂಬದಿ ಸವಾರರೊಡನೆ ಕಲ್ಲುಮಣ್ಣಿನ ದಾರಿ ಹಿಡಿಯುವವರಿಗೆ ಇದು ಪರಿಗಣಿಸತಕ್ಕ ಆಯ್ಕೆ. ಆದರೆ ಅದರ ಇಂಜಿನ್ 350 ಸಿಸಿ ದಾಟುವುದರಿಂದ ಜಿಎಸ್‌ಟಿ ಶೇ 40 ಎಂಬುದನ್ನೂ, ತೂಕ 196 ಕಿಲೋಗ್ರಾಂ ಎಂಬುದನ್ನೂ ಮರೆಯುವಂತಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಘಾಟಿಯ ಡಾಂಬರು ರಸ್ತೆಗಳಲ್ಲಿ ಇಬ್ಬರು ಸಾಗುವ ಕುಳ್ಳಗಿನ ಸವಾರರು ಮೊದಲು ನೋಡಬೇಕಾದ್ದು ರಾಯಲ್ ಎನ್‌ಫೀಲ್ಡ್ ಮೀಟಿಯರ್ 350ಯನ್ನು. ಅದರ ಸೀಟು 765 ಮಿಲಿಮೀಟರ್, ನೆಲದಿಂದ ಅಂತರ 170 ಮಿಲಿಮೀಟರ್, ಹಿಂದಿನ ಎರಡು ಶಾಕ್ ಅಬ್ಸಾರ್ಬರ್‌ಗಳಲ್ಲಿ ಪ್ರೀಲೋಡನ್ನು ಆರು ಹಂತಗಳಲ್ಲಿ ಬದಲಿಸಬಹುದು, ಸೂಪರ್‌ನೋವಾ ಮಾದರಿಯಲ್ಲಿ ಹಿಂದಿನವರಿಗೆ ಒರಗುದಿಂಬೂ ಇದೆ. 191 ಕಿಲೋಗ್ರಾಂ ತೂಕ ಕಡಿಮೆಯೇನಲ್ಲ, ಆದರೆ ಆ ತೂಕ ಕೆಳಗಿರುವುದರಿಂದ ನಿಧಾನಗತಿಯಲ್ಲಿ ಅದು ಭಾರವೆನಿಸುವುದಿಲ್ಲ. ಐದು ಅಡಿ ನಾಲ್ಕೈದು ಅಂಗುಲ ಇರುವವರು ಹೋಂಡಾ ಹೈನೆಸ್ ಸಿಬಿ350 ಅನ್ನೂ ಕುಳಿತು ನೋಡಬಹುದು. 800 ಮಿಲಿಮೀಟರ್ ಸೀಟು, 181 ಕಿಲೋಗ್ರಾಂ ತೂಕ.

ಸೀಟು ಎತ್ತರವಾಯಿತೆಂದು ಬೈಕನ್ನು ತಗ್ಗಿಸಿಕೊಳ್ಳುವವರ ಬಗ್ಗೆಯೂ ಎರಡು ಮಾತು ಹೇಳಬೇಕು. ಸೀಟಿನ ಸ್ಪಂಜನ್ನು ಕೊಯ್ಸಿ ತೆಳುಮಾಡಿಸುವುದು ಅಗ್ಗದ ಉಪಾಯ. ಸವಾರರ ಭಾಗವನ್ನಷ್ಟೇ, ಅದೂ ಮುಂದಿನ ಎರಡು ಅಂಚುಗಳನ್ನು ಕಿರಿದು ಮಾಡುವಂತೆ ಕೊಯ್ಸಿದರೆ ಹೆಚ್ಚು ಹಾನಿಯಿಲ್ಲ. ಆದರೆ ಸಸ್ಪೆನ್ಷನ್ನಿನ ಲಿಂಕನ್ನು, ಅಂದರೆ ಹಿಂದಿನ ಚಕ್ರದ ಭಾಗವನ್ನು ಶಾಕ್ ಅಬ್ಸಾರ್ಬರಿಗೆ ಜೋಡಿಸುವ ಸರಳುಗಳನ್ನು, ಬದಲಿಸಿ ಹಿಂಭಾಗವನ್ನು ತಗ್ಗಿಸುವುದು ಇಬ್ಬರು ಪ್ರಯಾಣಿಸುವ ಬೈಕಿಗೆ ಸಲ್ಲದು. ಇಬ್ಬರ ಭಾರಕ್ಕೆ ಕುಗ್ಗಲು ಜಾಗ ಬೇಕಾದ ಕಡೆಯೇ ಚಕ್ರ ಮಡ್‌ಗಾರ್ಡಿಗೆ ಹತ್ತಿರವಾಗುತ್ತದೆ, ತಿರುವಿನಲ್ಲಿ ಸ್ಟ್ಯಾಂಡ್ ನೆಲಕ್ಕೆ ತಾಗುತ್ತದೆ, ಸೈಡ್ ಸ್ಟ್ಯಾಂಡ್ ಉದ್ದವಾಗಿ ಪರಿಣಮಿಸಿ ನಿಲ್ಲಿಸಿದ ಬೈಕ್ ನೆಟ್ಟಗೆ ನಿಂತು ಬಲಕ್ಕೆ ಉರುಳುವ ಅಪಾಯವಿರುತ್ತದೆ. ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ ಎಂಬುದೂ ನೆನಪಿರಲಿ. ಅಂದಕ್ಕೆಂದು ಹಿಂದಿನ ಹಿಡಿಕೆಯನ್ನೂ ಸೀರೆ ಗಾರ್ಡನ್ನೂ ಬಿಚ್ಚಿಸುವ ಚಟ ಯುವಕರಲ್ಲಿ ಹೆಚ್ಚಿದೆ. ಹಿಂಬದಿ ಸವಾರರಿಗೆ ಹಿಡಿಕೆ, ಫುಟ್‌ರೆಸ್ಟ್ ಮತ್ತು ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮುಚ್ಚುವ ರಕ್ಷಣೆ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ, ಮತ್ತು ಅದು ಹಿಂದೆ ಕೂರುವವರ ಜೀವಕ್ಕೆ ಸಂಬಂಧಿಸಿದ ನಿಯಮ.

ಸಾಮಾನು ಹೇರುವ ರೀತಿಯೂ ಎತ್ತರದ ಪ್ರಶ್ನೆಯೇ. ಟಾಪ್ ಬಾಕ್ಸ್ ಹಿಂದಿನ ಚಕ್ರದ ಅಚ್ಚಿಗಿಂತ ಹಿಂದೆ, ಬಹಳ ಮೇಲೆ ಕೂರುವುದರಿಂದ ಅದರಲ್ಲಿಟ್ಟ ಭಾರ ಬೈಕನ್ನು ನಿಂತಲ್ಲಿಯೇ ತೂಗಾಡಿಸುತ್ತದೆ. ಹತ್ತುವವರು ಕಾಲು ಎತ್ತಿ ದಾಟಿಸುವುದಕ್ಕೂ ಅದು ಅಡ್ಡಿ. ಭಾರವಾದವುಗಳನ್ನು ಎರಡು ಪಕ್ಕದ ಚೀಲಗಳ ತಳದಲ್ಲಿಟ್ಟು, ಟಾಪ್ ಬಾಕ್ಸಿಗೆ ಮಳೆಯಂಗಿಯಂತಹ ಹಗುರ ವಸ್ತುಗಳನ್ನಷ್ಟೇ ಬಿಡುವುದು ಒಳ್ಳೆಯದು. ಕೈಪಿಡಿಯಲ್ಲಿ ಸೂಚಿಸಿರುವ ಗರಿಷ್ಠ ಭಾರದೊಳಗೆ ಇಬ್ಬರ ತೂಕ, ಹೆಲ್ಮೆಟ್ಟು, ಚೀಲ, ಪೆಟ್ಟಿಗೆ ಎಲ್ಲವೂ ಸೇರಬೇಕೆಂಬುದನ್ನು ಮಾರುವವರು ಹೇಳುವುದೇ ಇಲ್ಲ.

ಕೊಳ್ಳುವ ಮುನ್ನ ಇಬ್ಬರೂ ಒಟ್ಟಿಗೆ ಹೋಗಿ, ಪ್ರಯಾಣಕ್ಕೆ ಹಾಕುವ ಬೂಟನ್ನೇ ಹಾಕಿಕೊಂಡು, ಪ್ರೀಲೋಡನ್ನು ಇಬ್ಬರಿಗೆ ತಕ್ಕಂತೆ ಏರಿಸಿಕೊಟ್ಟ ಬೈಕಿನಲ್ಲಿ ಕುಳಿತು, ಹತ್ತಿ ಇಳಿದು, ಸ್ವಲ್ಪ ಇಳಿಜಾರಿನಲ್ಲಿ ಕಾಲಿನಿಂದ ಹಿಂದಕ್ಕೆ ತಳ್ಳಿ ನೋಡಬೇಕು. ಇಷ್ಟಕ್ಕೆ ಅವಕಾಶ ಸಿಗುವುದೇ ಕಷ್ಟ ಎಂಬುದು ನನ್ನ ಬೇಸರ. ಒಂದು ಷೋರೂಮಿನಲ್ಲಿ ಟೆಸ್ಟ್ ರೈಡಿಗೆ ಹಿಂದೆ ಯಾರನ್ನೂ ಕೂರಿಸುವಂತಿಲ್ಲ ಎಂದರು. ಮತ್ತೊಂದು ಕಡೆ ನನ್ನ ಪ್ರಶ್ನೆಗಳಿಗೆಲ್ಲ ನಮ್ಮ ಯಜಮಾನರ ಮುಖ ನೋಡಿ ಉತ್ತರಿಸಿದರು. ಇಬ್ಬರು ಕೂರುವ ವಾಹನವನ್ನು ಇಬ್ಬರೂ ಕುಳಿತು ಪರೀಕ್ಷಿಸಲು ಬಿಡದಿರುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಹೆಲ್ಮೆಟ್ ಮತ್ತು ಲೈಸೆನ್ಸ್ ಇದ್ದ ಮೇಲೆ, ವಿಮೆ ಇರುವ ಟೆಸ್ಟ್ ರೈಡ್ ಬೈಕಿನಲ್ಲಿ ಹಿಂಬದಿ ಸವಾರರಿಗೂ ಅವಕಾಶ ಕೊಡುವಂತೆ ತಯಾರಕರು ತಮ್ಮ ಡೀಲರುಗಳಿಗೆ ಸೂಚಿಸಬೇಕು. ಖಾಲಿ ಬೈಕಿನ ಸೀಟಿನ ಎತ್ತರದ ಜೊತೆಗೆ ಸವಾರರೊಬ್ಬರು ಕುಳಿತಾಗಿನ ಎತ್ತರವನ್ನೂ, ಹೊರಬಹುದಾದ ಗರಿಷ್ಠ ಭಾರವನ್ನೂ ಕರಪತ್ರದಲ್ಲಿಯೇ ಅಚ್ಚು ಹಾಕಿಸಬೇಕು.

ತಮ್ಮ ಪತ್ರಿಕೆಯನ್ನೂ ಒಂದು ವಿಷಯ ಕೋರುತ್ತೇನೆ. ಮುಂದೆ ಪ್ರವಾಸದ ಬೈಕುಗಳ ವಿಮರ್ಶೆ ಪ್ರಕಟಿಸುವಾಗ, ಎತ್ತರದ ವಿಮರ್ಶಕರೊಬ್ಬರೇ ಓಡಿಸಿ ಬರೆಯುವ ಬದಲು, ಐದು ಅಡಿ ಎರಡು ಮೂರು ಅಂಗುಲದ ಸವಾರರೊಬ್ಬರಿಂದ, ಹಿಂದೆ ಒಬ್ಬರನ್ನು ಕೂರಿಸಿ, ಸಾಧ್ಯವಾದರೆ ಘಾಟಿಯೊಂದರ ಏರಿನಲ್ಲಿ ನಿಲ್ಲಿಸಿ ಹೊರಡಿಸಿ ನೋಡಿಸಬೇಕು. ಹಿಂದೆ ಕುಳಿತವರ ಅಭಿಪ್ರಾಯವನ್ನೂ ಅವರದೇ ಮಾತಿನಲ್ಲಿ ನಾಲ್ಕು ಸಾಲು ಬರೆಸಬೇಕು.

ಇತಿ ತಮ್ಮ ವಿಶ್ವಾಸಿ,
ಓದುಗಳೊಬ್ಬಳು
ಸಕಲೇಶಪುರ