ಊಟಿ ಕೆರೆಯ ಕಾದಂಬರಿ ಅಚ್ಚಾಯಿತು, ಇನ್ನು ಋಣದ ಲೆಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ಮೊದಲ ಕಾದಂಬರಿ ಕಳೆದ ವಾರ ಅಚ್ಚಾಗಿ ಕೈಗೆ ಬಂತು. ಊಟಿಯ ಕೆರೆ ದಂಡೆಯಲ್ಲಿ ನಡೆಯುವ ಪತ್ತೇದಾರಿ ಕಥೆ. ಪುಸ್ತಕದ ಮೊದಲ ಪುಟಗಳಲ್ಲಿ ನಾಲ್ಕು ಸಾಲು ಕೃತಜ್ಞತೆ ಅಂತ ಹಾಕಿದ್ದೇನೆ. ಅಷ್ಟಕ್ಕೆ ತೀರುವ ಋಣ ಅಲ್ಲ ಇದು. ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಹಾಕುತ್ತಿಲ್ಲ, ಕೆಲವರು ಬೇಡ ಅಂದಿದ್ದಾರೆ. ಓದಿದರೆ ಅವರಿಗೆ ಗೊತ್ತಾಗುತ್ತದೆ.

ಗುಟ್ಟು ಬಿಟ್ಟುಕೊಡದೆ ಕಥೆ ಒಂದಿಷ್ಟು ಹೇಳಿಬಿಡುತ್ತೇನೆ. 2019ರ ಜನವರಿ. ಹೊಸ ವರ್ಷದ ಗದ್ದಲ ಮುಗಿದಿದೆ, ಪೊಂಗಲ್ ರಜೆ ಇನ್ನೂ ಬಂದಿಲ್ಲ. ಒಂದು ಲಾಡ್ಜಿನಲ್ಲಿ ಲೆಕ್ಕ ಬರೆಯುವವನು ಒಂದು ರಾತ್ರಿ ಮನೆಗೆ ಹೋಗುವುದಿಲ್ಲ. ಆಮೇಲೆ ಅವನ ಶವ ಕೆರೆಯಲ್ಲಿ ಸಿಗುತ್ತದೆ, ಕೋಡಪ್ಪಮಂಡು ಕಾಲುವೆ ಬಂದು ಸೇರುವ ಕಡೆ, ಕಳೆಯ ನಡುವೆ. ವಿಚಾರಣೆ ಮಾಡುವವನು ದೊಡ್ಡ ಪತ್ತೇದಾರ ಏನಲ್ಲ. ನಿವೃತ್ತಿಗೆ ಹತ್ತಿರ ಬಂದಿರುವ, ನೀಲಗಿರಿಯ ಬಡಗ ಸಮುದಾಯದ ಹೆಡ್ ಕಾನ್ಸ್‌ಟೇಬಲ್. ಅವನಿಗೆ ಸತ್ತವನೂ ಗೊತ್ತು, ಅನುಮಾನ ಇರುವವರೂ ಗೊತ್ತು. ಎಲ್ಲರ ಮನೆಯಲ್ಲೂ ಟೀ ಕುಡಿದವನು. ಅವನ ಕಷ್ಟ ಅದೇ.

ಮೊದಲ ನಮಸ್ಕಾರ ಬೋಟ್ ಹೌಸ್ ರಸ್ತೆಯಲ್ಲಿ ಜೋಳ ಸುಡುವ ಅಕ್ಕನಿಗೆ. ಮೈಸೂರು, ಬೆಂಗಳೂರಿನ ಗಿರಾಕಿಗಳ ಜೊತೆ ಮಾತಾಡಿ ಮಾತಾಡಿ ಕಲಿತ ಕನ್ನಡ ಅವರದ್ದು, ಅರ್ಧ ತಮಿಳು. ಜನ ಕಡಿಮೆ ಇದ್ದ ದಿನ ಪಕ್ಕದ ಸ್ಟೂಲ್ ತೋರಿಸಿ ಕೂರಿಸಿಕೊಂಡರು. ತೆನೆ ತಿರುಗಿಸುತ್ತಾ, ನಿಂಬೆಹಣ್ಣಿನ ಹೋಳಿಗೆ ಖಾರದಪುಡಿ ಅದ್ದಿಕೊಳ್ಳುತ್ತಾ ಒಂದು ಮಾತು ಹೇಳಿದರು: "ಏಪ್ರಿಲ್, ಮೇ ಪೂರ್ತಿ ನಗ್ತಾ ಇರ್ತೀವಿ ಸಾರ್. ಜಗಳ ಎಲ್ಲ ಸೀಸನ್ ಮುಗಿದ ಮೇಲೆ."

ನನ್ನ ಕಾದಂಬರಿ ನಿಂತಿರುವುದೇ ಈ ಮಾತಿನ ಮೇಲೆ. ನಾವು ಹೋಗುವುದು ಸೀಸನ್‌ನಲ್ಲಿ. ಫ್ಲವರ್ ಶೋ ನೋಡುತ್ತೇವೆ, ಬೋಟ್ ಹತ್ತುತ್ತೇವೆ, ವರ್ಕಿ, ಚಾಕೊಲೇಟ್ ಕಟ್ಟಿಸಿಕೊಂಡು ಘಾಟಿ ಇಳಿಯುತ್ತೇವೆ. ಆಗ ಊರಿಗೆ ಊರೇ ನಮ್ಮ ಎದುರು ನಗುತ್ತಿರುತ್ತದೆ. ಬಾಕಿ, ಬಡ್ಡಿ, ಅಣ್ಣತಮ್ಮಂದಿರ ಪಾಲಿನ ತಕರಾರು, ಕೆಲಸದಿಂದ ತೆಗೆದವರ ಸಿಟ್ಟು, ಎಲ್ಲವನ್ನೂ ಅವರು ಎತ್ತಿಟ್ಟಿರುತ್ತಾರೆ. ನಾವು ಹೋದಮೇಲೆ ಅದು ಹೊರಗೆ ಬರುತ್ತದೆ. ಈ ಮಾತು ಕೇಳಿದ ಮೇಲೆಯೇ ನನ್ನ ಕಥೆಯ ಕೊಲೆ ಯಾಕೆ ಜನವರಿಯಲ್ಲಿ ಆಗಬೇಕು ಅನ್ನುವುದು ಖಚಿತವಾಯಿತು. ಅಕ್ಕ, ನಿಮ್ಮ ಮಾತನ್ನು ಹಾಗೇ ಇಟ್ಟಿದ್ದೇನೆ, ಮೂರನೇ ಅಧ್ಯಾಯದಲ್ಲಿದೆ.

ಎರಡನೆಯವರು ಒಂದು ಹಟ್ಟಿಯ, ಅಂದರೆ ಬಡಗರ ಹಳ್ಳಿಯ, ಅಜ್ಜಿ. ಮನೆ ಹಿಂದೆ ಸಣ್ಣ ಟೀ ತೋಟ. ಬಡಗರ ಹಿರಿಯರು ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರು ಅನ್ನುವ ಮಾತಿದೆಯಲ್ಲ, ಅಜ್ಜಿ ನನ್ನನ್ನು ಮಾತಾಡಿಸಿದ್ದೂ ಊರಿನಿಂದ ಬಂದ ನೆಂಟನ ಹಾಗೆಯೇ. ನನ್ನ ಕನ್ನಡ ಅವರಿಗೆ ಅರ್ಥವಾಗುತ್ತಿತ್ತು. ಅವರ ಬಡಗ, ನಿಧಾನವಾಗಿ ಹೇಳಿದರೆ, ನನಗೂ ಮುಕ್ಕಾಲು ಪಾಲು ಅರ್ಥವಾಗುತ್ತಿತ್ತು. ಬಡಗರ ಕುಲದೇವತೆ ಹೆತ್ತೆಯ ಹಬ್ಬದ ಬಗ್ಗೆ ಹೇಳಿದ್ದು ಅವರೇ. ಡಿಸೆಂಬರ್, ಜನವರಿಯಲ್ಲಿ ಬರುವ ಹಬ್ಬ. ಹಟ್ಟಿ ಹಟ್ಟಿಗಳಿಂದ ಜನ ನಡೆದು ಬರುತ್ತಾರೆ, ಎಲ್ಲರೂ ಬಿಳಿ ಬಟ್ಟೆಯಲ್ಲಿ. ಕಥೆಯಲ್ಲಿ ಒಬ್ಬ ಸಾಕ್ಷಿ "ಬಿಳಿ ಪಂಚೆ, ಬಿಳಿ ಶಾಲು ಹೊದ್ದವನನ್ನು ನೋಡಿದೆ" ಅನ್ನುತ್ತಾನೆ. ಬೇರೆ ದಿನ ಆಗಿದ್ದರೆ ಅದು ದೊಡ್ಡ ಸುಳಿವು. ಹಬ್ಬದ ವಾರ ಅದು ಏನೂ ಅಲ್ಲ. ಆ ತಿರುವು ಅಜ್ಜಿಯದ್ದು.

ಅಜ್ಜಿ ಇನ್ನೊಂದನ್ನೂ ತೋರಿಸಿದರು. ಬೆಳಿಗ್ಗೆ ಎದ್ದಾಗ ಹಿಮ ಬಿದ್ದು ಹುಲ್ಲೆಲ್ಲ ಬೆಳ್ಳಗಾಗಿತ್ತು. ಟೂರಿಸ್ಟುಗಳು ಓಡಿ ಬಂದು ಫೋಟೊ ತೆಗೆಯುವುದು ಇದಕ್ಕೇ. ಅಜ್ಜಿ ಸೀದಾ ತೋಟಕ್ಕೆ ಹೋಗಿ ಒಂದು ಚಿಗುರು ಕಿತ್ತು ನನ್ನ ಅಂಗೈಗೆ ಹಾಕಿದರು. ಹಿಮ ಹೊಡೆದು ಅದು ಕರಕಲಾಗಿತ್ತು, ಬೆರಳಲ್ಲಿ ಉಜ್ಜಿದರೆ ಪುಡಿ. ಆ ಕಡೆಯ ಗಿಡ ಮತ್ತೆ ಚಿಗುರುವವರೆಗೆ ಕೊಯ್ಲಿಲ್ಲ, ದುಡ್ಡೂ ಇಲ್ಲ. ಅವರು ಏನೂ ಹೇಳಲಿಲ್ಲ, ಸುಮ್ನೆ ಕೈಗೆ ಹಾಕಿದರು ಅಷ್ಟೇ. ಕಥೆಯಲ್ಲಿ ಸಾಲಗಾರನ ಪಾತ್ರ ಹುಟ್ಟಿದ್ದು ಅಲ್ಲಿಂದ.

ಮೈಸೂರಿನ ಒಬ್ಬರು ಫೊರೆನ್ಸಿಕ್ ಡಾಕ್ಟರ್ ನನಗಾಗಿ ಎಷ್ಟೋ ಸಂಜೆ ಬಿಟ್ಟುಕೊಟ್ಟರು. ಊಟಿ ಇರುವುದು 2,240 ಮೀಟರ್ ಎತ್ತರದಲ್ಲಿ, ಜನವರಿಯಲ್ಲಿ ಕೆರೆ ನೀರು ಕೊರೆಯುತ್ತದೆ. ತಣ್ಣೀರಿನಲ್ಲಿ ದೇಹ ಕೊಳೆಯುವುದು ನಿಧಾನ, ಒಳಗೆ ಗಾಳಿ ತುಂಬುವುದು ನಿಧಾನ, ಹಾಗಾಗಿ ಮೇಲೆ ತೇಲುವುದೂ ತಡ. ನನ್ನ ಹೆಡ್ ಕಾನ್ಸ್‌ಟೇಬಲ್‌ಗೆ ಕಾಯುವ ದಿನಗಳು ಸಿಕ್ಕಿದ್ದು ಇದರಿಂದ. ಡಯಾಟಮ್ ಪರೀಕ್ಷೆ ವಿವರಿಸಿದ್ದೂ ಅವರೇ. ಕೆರೆ ನೀರಲ್ಲಿ ಡಯಾಟಮ್ ಅನ್ನುವ, ಕಣ್ಣಿಗೆ ಕಾಣದ ಪಾಚಿ ಜೀವಿಗಳಿರುತ್ತವೆ. ಜೀವ ಇರುವಾಗ ಮುಳುಗಿದರೆ ಅವು ಶ್ವಾಸಕೋಶದಿಂದ ರಕ್ತಕ್ಕೆ ಸೇರಿ ಮೂಳೆ ಮಜ್ಜೆವರೆಗೂ ಹೋಗಬಹುದು. ಸತ್ತ ಮೇಲೆ ಎಸೆದರೆ ರಕ್ತದ ಓಡಾಟವೇ ಇರುವುದಿಲ್ಲವಲ್ಲ. ಆದರೆ ಆಮೇಲೆ ಖಡಾಖಂಡಿತವಾಗಿ ಹೇಳಿದರು: "ಇದೊಂದನ್ನೇ ನಂಬಿ ಕೇಸ್ ಮುಗಿಸಬೇಡಿ, ಕೋರ್ಟಲ್ಲಿ ನಿಲ್ಲಲ್ಲ." ಮುಗಿಸಲಿಲ್ಲ ಸಾರ್. ಕೇಸ್ ಮುಗಿಯುವುದು ಒಬ್ಬ ಮನುಷ್ಯನ ಮಾತಿನಿಂದ.

ಆ ಮಾತಿನ ಎಳೆ ಕೊಟ್ಟವರು ಮೈಸೂರು–ಊಟಿ ರೂಟಿನ ಒಬ್ಬ ಬಸ್ ಡ್ರೈವರ್. ಬಂಡೀಪುರದ ಕಾಡಿನ ರಸ್ತೆ 2009ರಿಂದ ರಾತ್ರಿ ಬಂದ್, ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ. ಗೊತ್ತುಮಾಡಿದ ಕೆಲವು ಬಸ್ಸು, ಆಂಬುಲೆನ್ಸ್ ಬಿಟ್ಟರೆ ಬೇರೆ ಗಾಡಿಗೆ ದಾರಿ ಇಲ್ಲ. ಮೈಸೂರಿನವರಿಗೆ ಇದು ಬಾಯಿಪಾಠ. ಆದರೆ ಇದನ್ನು ಡ್ರೈವರ್ ಹೇಗೆ ನೋಡುತ್ತಾನೆ ಅನ್ನುವುದು ನನಗೆ ಅವರ ಹಿಂದಿನ ಸೀಟಲ್ಲಿ ಕೂತಾಗ ತಿಳಿಯಿತು. ಗುಂಡ್ಲುಪೇಟೆ ದಾಟಿದ ಮೇಲೆ ಅವರ ಕಣ್ಣು ಎರಡು ನಿಮಿಷಕ್ಕೊಮ್ಮೆ ಗಡಿಯಾರದ ಮೇಲೆ. ಚೆಕ್‌ಪೋಸ್ಟಿನ ಗೇಟು ಬಿತ್ತು ಅಂದರೆ ರಾತ್ರಿ ಅಲ್ಲೇ. ಅವತ್ತು ಅಲ್ಲಿ ಸಾಲಾಗಿ ನಿಂತ ಲಾರಿಗಳನ್ನು, ಪಕ್ಕದಲ್ಲಿ ಟೀ ಕಾಯಿಸುತ್ತಿದ್ದ ಕ್ಲೀನರ್‌ಗಳನ್ನು ತೋರಿಸಿದರು. "ಇಲ್ಲಿ ಯಾರು ಯಾವಾಗ ಬಂದ್ರು, ಈ ಹುಡುಗ್ರಿಗೆ ಗೊತ್ತಿರುತ್ತೆ" ಅಂದರು. ಇನ್ನು ಜಾಸ್ತಿ ಹೇಳಿದರೆ ಕಥೆಯೇ ಹೇಳಿದ ಹಾಗಾಗುತ್ತದೆ, ಬಿಡಿ.

ಪೊಲೀಸ್ ಠಾಣೆಯ ವಿವರಗಳೆಲ್ಲ ಠಾಣೆಯ ದಾಖಲೆ ಬರೆಯುತ್ತಿದ್ದ ಒಬ್ಬ ನಿವೃತ್ತ ರೈಟರ್ ಕೊಟ್ಟಿದ್ದು. ಅಸಹಜ ಸಾವಿನ ವಿಚಾರಣೆ ಆಗ ಹಳೆಯ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿ 174ರ ಕೆಳಗೆ. 2024ರ ಜುಲೈಯಿಂದ ಹೊಸ ಕಾನೂನಿನಲ್ಲಿ ಅದು 194. ಕಥೆ 2019ರದ್ದು, ಆದ್ದರಿಂದ ಪುಸ್ತಕದಲ್ಲಿ 174 ಎಂದೇ ಇದೆ. ಇಂಥ ಸಣ್ಣ ವಿಷಯಕ್ಕೂ ಅವರು ಫೋನ್ ಮಾಡಿ ನೆನಪಿಸಿದರು.

ಊಟಿ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯ ತಾತನಿಗೂ ನಾನು ಋಣಿ. ಕಲೆಕ್ಟರ್ ಆಗಿದ್ದ ಜಾನ್ ಸಲಿವನ್ 1820ರ ದಶಕದಲ್ಲಿ ಹಳ್ಳಗಳಿಗೆ ಒಡ್ಡು ಹಾಕಿಸಿ ಮಾಡಿಸಿದ ಕೆರೆ ಇದು. ಮುಂಚೆ ಈಗಿನದ್ದಕ್ಕಿಂತ ಎಷ್ಟೋ ದೊಡ್ಡದಿತ್ತು. ಬಸ್ ಸ್ಟ್ಯಾಂಡು, ರೇಸ್ ಕೋರ್ಸು ಎಲ್ಲ ಎದ್ದಿರುವುದು ಆ ಹಳೆ ಕೆರೆ ಜಾಗದಲ್ಲೇ. ತಾತ ನೆಲಕ್ಕೆ ಕೋಲು ಕುಟ್ಟಿ "ಇದೂ ಕೆರೆನೇ" ಅಂದಿದ್ದರು. ಆ ಕೋಲು ಪುಸ್ತಕದಲ್ಲಿದೆ, ತಾತನೂ ಇದ್ದಾರೆ. ಅವರ ಅಂಗಡಿಯಲ್ಲೇ ಕೂತು ಕೇಳಿದ್ದು, ಸೇಂಟ್ ಸ್ಟೀಫನ್ ಚರ್ಚಿನ ತೊಲೆಗಳು ಶ್ರೀರಂಗಪಟ್ಟಣದ ಟಿಪ್ಪು ಅರಮನೆಯಿಂದ ಬಂದವು ಅನ್ನುವ ವಿಷಯ. ಕಥೆಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಸಿಗದಿದ್ದಕ್ಕೆ ನನಗೆ ಬೇಜಾರಿದೆ.

ಹಸ್ತಪ್ರತಿ ಮೊದಲು ಕೊಟ್ಟ ಒಂದು ಕಡೆ "ಕೊಲೆ ಇನ್ನೂ ಬೇಗ ಆಗಬೇಕು, ಮಾತುಕತೆ ಕಡಿಮೆ ಮಾಡಿ" ಅಂದರು. ಆಗ ತುಂಬಾ ಕುಗ್ಗಿದೆ, ಸುಳ್ಳು ಹೇಳುವುದಿಲ್ಲ. ನನ್ನ ಗೆಳತಿಯೊಬ್ಬಳು ಪೂರ್ತಿ ಓದಿ, "ಮಾಡಿದ್ದು ಯಾರು ಅಂತ ಅರ್ಧಕ್ಕೇ ಗೊತ್ತಾಯ್ತು ಕಣೋ. ಆದ್ರೂ ಬಿಡೋಕಾಗ್ಲಿಲ್ಲ. ಅವನು ಸಿಕ್ಕಿಬೀಳಬಾರದು ಅಂತ ಅನ್ನಿಸ್ತಿತ್ತು" ಅಂದಳು. ಆ ರಾತ್ರಿಯೇ ತೀರ್ಮಾನ ಮಾಡಿದೆ, ಒಂದು ಪಾತ್ರವನ್ನೂ ಕತ್ತರಿಸುವುದಿಲ್ಲ ಅಂತ. ಹಾಗೆಯೇ ಅಚ್ಚು ಹಾಕಿದ ಪ್ರಕಾಶಕರಿಗೆ, ಒಂದು ಕೊಂಬು, ಒಂದು ದೀರ್ಘವನ್ನೂ ಬಿಡದೆ ತಿದ್ದಿದ ಕರಡು ತಿದ್ದುವವರಿಗೆ, ಹುಡುಗನಾಗಿದ್ದಾಗ ಬಾಡಿಗೆಗೆ ಪತ್ತೇದಾರಿ ಕಾದಂಬರಿ ಕೊಡುತ್ತಿದ್ದ ನಮ್ಮ ಬೀದಿಯ ಸರ್ಕ್ಯುಲೇಟಿಂಗ್ ಲೈಬ್ರರಿಯ ಮಾಮನಿಗೆ, ಬರೆಯಲು ಕೂತಾಗ ಬಾಗಿಲು ತಟ್ಟದ ನಮ್ಮ ಮನೆಯವರಿಗೆ, ಮುಂಗಡ ಪ್ರತಿ ಕಾದಿರಿಸಿದ ಎಲ್ಲರಿಗೂ ಮನಸಾರೆ ವಂದನೆ.

ಊಟಿಯವರ ಪ್ರತಿಗಳನ್ನು ಕಟ್ಟಿಟ್ಟಿದ್ದೇನೆ. ಪೋಸ್ಟ್ ಮಾಡುವುದಿಲ್ಲ, ನಾನೇ ತಂದು ಕೊಡುತ್ತೇನೆ. ಜೂನ್‌ನಲ್ಲಿ ಬರುತ್ತೇನೆ ಅಕ್ಕ, ಸೀಸನ್ ಮುಗಿದ ಮೇಲೆ, ನಿಮಗೆ ಪುರುಸೊತ್ತು ಸಿಕ್ಕಾಗ. ಕನ್ನಡ ಓದಲು ಬರದವರಿಗೆ ಕೂತು ಓದಿ ಹೇಳುತ್ತೇನೆ, ಅಜ್ಜಿಗೆ ಮೊದಲು.